ಮೊದಲ ಚೆಂಡು ಐರಿನ್‌ದು

ಕಳೆದ ವಾರ ಬೌಷರ್‌ನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಅರ್ಧ ಬಾಯಿ ಮರಗಟ್ಟಿಸಿಕೊಂಡು ಹೊರಗೆ ಬಂದು ಟ್ಯಾಕ್ಸಿಗೆ ಕಾಯುತ್ತಿದ್ದಾಗ, ಎದುರಿನ ಖಾಲಿ ಜಾಗದಲ್ಲಿ ಟ್ಯಾಂಕರಿನವನು ಮಣ್ಣಿಗೆ ನೀರು ಹೊಡೆಯುತ್ತಿದ್ದ. ಏನೋ ಕಟ್ಟಡ ಏಳುವುದಿದೆ. ಬಿಸಿಲಿಗೆ ಸುಟ್ಟ ಮಣ್ಣಿನ ಮೇಲೆ ನೀರು ಬಿದ್ದಾಗ ಏಳುವ ಆ ವಾಸನೆ ನಮ್ಮೂರಿನ ಮೊದಲ ಮಳೆಯದ್ದಲ್ಲ; ಅದರಲ್ಲಿ ಸ್ವಲ್ಪ ಉಪ್ಪು, ಸ್ವಲ್ಪ ಡೀಸೆಲ್ ಸೇರಿರುತ್ತದೆ. ಮಸ್ಕತ್ತಿನಲ್ಲಿ ವರ್ಷಗಟ್ಟಲೆ ಇದ್ದವರಿಗೆ ಮಾತ್ರ ಅದು ಒಳ್ಳೆಯ ವಾಸನೆ. ಮೂಗಿಗೆ ಬಿದ್ದ ಕೂಡಲೇ ನನ್ನ ಮೊಣಕಾಲು ತಾನಾಗಿ ಮಡಚಲು ನೋಡಿತು. ಕೊರೋನಾ ಮುಗಿದ ಮೇಲಿನ ಒಂದು ಚಳಿಗಾಲ ಪೂರ್ತಿ, ಶುಕ್ರವಾರ ಬೆಳಿಗ್ಗೆ, ಹೀಗೇ ನೀರು ಹೊಡೆದ ಅದೇ ಜಾಗದಲ್ಲಿ ನಾನು ಕುಕ್ಕರಗಾಲಿನಲ್ಲಿ ಕೂತು ಐರಿನ್ ಎಸೆದ ಚೆಂಡು ಹಿಡಿದಿದ್ದೇನೆ.

ಆಟದ ಹೆಸರು ಸಾಫ್ಟ್‌ಬಾಲ್. ಅಮೆರಿಕದವರ ಬೇಸ್‌ಬಾಲಿನ ತಂಗಿ ಎನ್ನಬಹುದು. ಹೆಸರಿನಲ್ಲಿ ಮಾತ್ರ ಮೆತ್ತಗೆ. ಬೆರಳಿಗೆ ತಾಗಿದರೆ ವಾರವಿಡೀ ಚಪಾತಿ ಲಟ್ಟಿಸಲು ಆಗುವುದಿಲ್ಲ. ಬಾವಿಯ ರಾಟೆಯ ಹಾಗೆ ತೋಳನ್ನು ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡು ಬಿಡಬೇಕು. ಅದು ನೆಲಕ್ಕೆ ತಾಗದೆ ಬ್ಯಾಟಿನವಳನ್ನು ದಾಟಿ ಹಿಂದೆ ಕೂತ ಕ್ಯಾಚರಿನ ಗ್ಲೌಸಿಗೆ ಬರಬೇಕು. ಹೊಡೆದವಳು ಮೂರು ಮೂಲೆಯ ಮೂರು ಬೇಸು ಮುಟ್ಟಿ ಕ್ಯಾಚರಿನ ಎದುರಿನ ಬೇಸಿಗೆ ವಾಪಸ್ ಬಂದರೆ ಒಂದು ರನ್; ಅವಳಿಗಿಂತ ಮೊದಲು ಚೆಂಡು ಬೇಸು ತಲುಪಿದರೆ ಔಟು, ಮೂವರು ಔಟಾದರೆ ಇನ್ನಿಂಗ್ಸ್ ಮುಗಿಯಿತು. ಹೀಗೆ ಏಳು ಇನ್ನಿಂಗ್ಸ್. ಕ್ರಿಕೆಟಿನಂತೆ ಓವರಿಗೊಬ್ಬರು ಬದಲಾಗುವುದಿಲ್ಲ. ಒಬ್ಬಳೇ ಪಿಚರ್ ಎಸೆಯುತ್ತಲೇ ಇರುತ್ತಾಳೆ. ಅವಳ ತೋಳು ಸೋತಾಗ ಇನ್ನೊಬ್ಬಳು ಬಂದು ಉಳಿದದ್ದನ್ನು ಮುಗಿಸುತ್ತಾಳೆ.

ನಮ್ಮದು ಊರಿನ ಹೆಂಗಸರ ತಂಡ. ಉಡುಪಿ, ಕಾರ್ಕಳ, ಶಿರ್ವ, ಮೂಡುಬಿದಿರೆ. ಅರ್ಧ ತುಳು, ಅರ್ಧ ಕೊಂಕಣಿ, ಬೈಯುವುದು ಎರಡರಲ್ಲೂ. ಕೆಲವರು ಕಾಲೇಜಿನಲ್ಲಿ ಈ ಆಟ ಆಡಿದವರು, ಉಳಿದವರು ನನ್ನ ಹಾಗೆ ಥ್ರೋಬಾಲ್ ಆಡಿ ಧೈರ್ಯ ಬಂದವರು. ನನಗೆ ಓಡಲು ಆಗುವುದಿಲ್ಲ ಎಂದು ಕ್ಯಾಚರ್ ಮಾಡಿದರು. ಕೂತು ಏಳುವುದು ಓಡುವುದಕ್ಕಿಂತ ಕಷ್ಟ ಎಂದು ಆಮೇಲೆ ಗೊತ್ತಾಯಿತು. ಎದುರಾಳಿಗಳಲ್ಲಿ ಫಿಲಿಪೀನ್ಸಿನ ನರ್ಸುಗಳ ತಂಡ ಒಂದು, ಶಾಲೆಯ ಟೀಚರುಗಳದ್ದು ಒಂದು, ಶ್ರೀಲಂಕಾದವರದ್ದು ಒಂದು, ಹೀಗೆ. ಸೂರ್ಯ ಮೇಲೆ ಬರುವುದರೊಳಗೆ ಆಟ ಮುಗಿಯಬೇಕು. ಮುಗಿದ ಮೇಲೆ ಯಾರದ್ದಾದರೂ ಕಾರಿನ ಡಿಕ್ಕಿ ತೆರೆದು ಬಾಳೆಹಣ್ಣಿನ ಬನ್ಸು, ತೆಂಗಿನ ಚಟ್ನಿ, ಪಕ್ಕದ ಅಂಗಡಿಯಿಂದ ಕರಕ್ ಚಾ. ನಿಜ ಹೇಳಬೇಕೆಂದರೆ ಮೊದಲ ವರ್ಷ ಎಷ್ಟೋ ಜನ ಬನ್ಸಿಗಾಗಿಯೇ ಬಂದದ್ದು.

ನಮಗೆ ಹೇಳಿಕೊಡುತ್ತಿದ್ದವರು ವಸಂತಣ್ಣ. ಒಂದು ಸಾಗಾಟದ ಕಂಪನಿಯಲ್ಲಿ ಸೂಪರ್‌ವೈಸರ್. ಒಳ್ಳೆಯ ಮನುಷ್ಯ, ಆದರೆ ತಲೆಯೊಳಗೆ ಇರುವುದು ಕ್ರಿಕೆಟ್ ಮಾತ್ರ. ಪಿಚರಿಗೆ ಬೌಲರ್ ಎನ್ನುತ್ತಿದ್ದರು, ಬೇಸಿಗೆ ವಿಕೆಟ್ ಎನ್ನುತ್ತಿದ್ದರು. ಅವರ ಮಗಳು ನಿಶಾ ಪ್ಲಸ್ ಟೂ ಹುಡುಗಿ, ನಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು, ಅಪ್ಪನನ್ನು ಇಂಗ್ಲಿಷಿನಲ್ಲಿ ತಿದ್ದಿ ತಿದ್ದಿ ಸುಸ್ತಾಗಿದ್ದಳು.

ಮೊದಲಿನಿಂದ ಎಸೆಯುತ್ತಿದ್ದವಳು ಅಶ್ವಿತಾ ಎಂಬ ಚುರುಕಿನ ಹುಡುಗಿ, ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಅವಳು ಸೋತಾಗ ಬಂದು ಮುಗಿಸುತ್ತಿದ್ದವಳು ಐರಿನ್.

ಐರಿನ್ ಶಿರ್ವದವಳು, ನನಗಿಂತ ಎರಡು ವರ್ಷ ಸಣ್ಣವಳು. ಕ್ಲಿನಿಕ್ಕಿನ ರಿಸೆಪ್ಷನಿನಲ್ಲಿ ಕೆಲಸ. ಆ ಕ್ಲಿನಿಕ್ಕಿನವರಿಗೆ ನಾಲ್ಕಾರು ಕಡೆ ಶಾಖೆ. ಎಲ್ಲಿ ಯಾರು ರಜೆ ಹಾಕುತ್ತಾರೋ ಅಲ್ಲಿ ಅವರ ಕುರ್ಚಿಗೆ ಐರಿನ್. ಈ ವಾರ ಬರ್ಕಾ, ಬರುವ ವಾರ ಬೌಷರ್. ಇಲ್ಲಿ ಅಂಥವರಿಗೆ ರಿಲೀವರ್ ಎನ್ನುತ್ತಾರೆ. "ಎಲ್ಲಿಯೂ ನಂಗೆ ಅಂತ ಒಂದು ಡ್ರಾಯರ್ ಇಲ್ಲ ಶೋಭಕ್ಕ" ಎಂದು ಒಮ್ಮೆ ಹೇಳಿದ್ದಳು. "ಕನ್ನಡಕ, ಟಿಫಿನು, ಸ್ವೆಟರು, ಎಲ್ಲ ಬ್ಯಾಗಲ್ಲೇ. ಕುರ್ಚಿಯ ಎತ್ತರ ಸರಿ ಮಾಡಿ ಕೂತ್ಕೊಳ್ಳುವಷ್ಟರಲ್ಲಿ ಆ ಹುಡುಗಿ ಊರಿಂದ ವಾಪಸ್."

ಮೈದಾನದಲ್ಲೂ ಅದೇ ಕಥೆ. ನಾಲ್ಕೈದು ಇನ್ನಿಂಗ್ಸ್ ಬೆಂಚಿನಲ್ಲಿ ಶಾಲು ಹೊದ್ದು ಕೂರುವುದು. ಬೇಸುಗಳಲ್ಲಿ ಎದುರಾಳಿಗಳು ತುಂಬಿ, ನಮ್ಮವರ ಮುಖ ಬಾಡಿದ ಮೇಲೆ, ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ರೀತಿಯಲ್ಲಿ ವಸಂತಣ್ಣನ ಕೂಗು: "ಐರಿನ್ ಬಾಯೀ, ಬನ್ನಿ!" ಅವಳು ಶಾಲು ಮಡಚಿಟ್ಟು ಬಂದು ಕೊಲ್ಲುವ ಹಾಗೆ ಎಸೆದು, ಆಟ ಮುಗಿಸಿ, ಮತ್ತೆ ಶಾಲು ಹೊದ್ದುಕೊಳ್ಳುತ್ತಿದ್ದಳು. ಫೋಟೋಗೆ ಚೆಂಡು ಹಿಡಿದು ನಡುವೆ ನಿಲ್ಲುತ್ತಿದ್ದವಳು ಅಶ್ವಿತಾ. ಐರಿನ್ ಯಾವತ್ತೂ ಏನೂ ಹೇಳಿದವಳಲ್ಲ. ಹಾಗಾಗಿ ಅವಳಿಗೆ ಹೇಳಲು ಏನೂ ಇಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

ಆ ಚಳಿಗಾಲದ ಆಟಗಳು ಶುರುವಾಗುವ ಮೊದಲು ಅಶ್ವಿತಾಳ ಗಂಡನಿಗೆ ಬುರೈಮಿಗೆ ವರ್ಗವಾಯಿತು. ಅವಳು ಅತ್ತುಕೊಂಡೇ ಹೋದಳು. ಅದೇ ಶುಕ್ರವಾರ ಚಾ ಅಂಗಡಿಯ ಹೊರಗೆ ಕುರ್ಚಿ ಎಳೆದುಕೊಂಡು ಕೂತೆವು. ವಸಂತಣ್ಣ ಎಲ್ಲ ಯೋಚಿಸಿಯೇ ಬಂದಿದ್ದರು.

"ನಿಶಾ ಶುರು ಮಾಡ್ಲಿ. ಸಣ್ಣ ಪ್ರಾಯ, ತೋಳಲ್ಲಿ ಶಕ್ತಿ ಉಂಟು. ಅವಳು ಹೇಗಾದ್ರೂ ನಾಲ್ಕು ಇನ್ನಿಂಗ್ಸ್ ತಳ್ಳಿದ್ರೆ ಸಾಕು. ಮತ್ತೆ ಐರಿನ್ ಬಾಯಿ ಇದ್ದಾರಲ್ಲ."

ಐರಿನ್ ಚಾ ಊದುತ್ತಾ ಹೇಳಿದಳು: "ಇಲ್ಲ."

"ಎಂತ ಇಲ್ಲ?"

"ಕೊನೆಗೆ ಐರಿನ್ ಬಾಯಿ ಇಲ್ಲ. ಶುರುವಿಗೆ ಇದ್ದಾರೆ."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಐರಿನ್ ನಗಲಿಲ್ಲ. ವಸಂತಣ್ಣ ಕುರ್ಚಿಯನ್ನು ಮುಂದೆ ಎಳೆದರು.

"ನೋಡಿ ಬಾಯಿ, ಬೇಜಾರು ಮಾಡ್ಬೇಡಿ. ನಿಮ್ಮಷ್ಟು ಜೋರು ಎಸೆಯುವವರು ನಮ್ಮಲ್ಲಿ ಇಲ್ಲ, ಒಪ್ಪಿದೆ. ಆದ್ರೆ ಅದು ಒಂದು ಎರಡು ಇನ್ನಿಂಗ್ಸಿಗೆ. ಶುರುವಿಂದ ಹಾಕಿದ್ರೆ ಅದೇ ಬ್ಯಾಟ್ಸ್‌ಮನ್ ನಿಮ್ಮನ್ನು ಮೂರು ಸಲ ನೋಡ್ತಾಳೆ. ಮೂರನೇ ಸಲ ಬಿಡ್ತಾಳಾ? ನೀವು ಪಟಾಕಿಯ ಹಾಗೆ ಮಾರಾಯ್ರೆ. ಪಟಾಕಿಯಲ್ಲಿ ಅನ್ನ ಬೇಯುದಿಲ್ಲ."

"ಅನ್ನ ಬೇಯಿಸುದು ನಂಗೆ ಯಾರೂ ಹೇಳಿಕೊಡುದು ಬೇಡ. ಕ್ಯಾಂಪಿಗೆ ಹೋದಾಗ ನೀವು ಬೇಯಿಸಿದ್ದನ್ನು ಒಮ್ಮೆ ತಿಂದಿದ್ದೇವಲ್ಲ."

ಈಗ ಎಲ್ಲರೂ ನಕ್ಕರು, ನಿಶಾ ಎಲ್ಲರಿಗಿಂತ ಜೋರಾಗಿ. ವಸಂತಣ್ಣ ಕೆಂಪಾದರು.

"ಆಯ್ತು. ಮೂರು ಪಂದ್ಯ ಕೊಡ್ತೇನೆ. ಮೂರರಲ್ಲಿ ನನ್ನ ಮನಸ್ಸಿಗೆ ಬರದಿದ್ರೆ ಖಲಾಸ್. ಮತ್ತೆ ಸೀಸನ್ ಮುಗಿಯುವ ತನಕ ಬೆಂಚು, ಕೊನೆಗೆ ಕರೆದಾಗ ಬರುದು. ಆಗ್ಬಹುದಾ?"

"ಶುರು ಮಾಡುವ" ಎಂದಳು ಐರಿನ್. ಚಾ ಮುಗಿಸಿ ಕಪ್ಪನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಸಂಜೆ ನಿಮ್ಮ ಮೊಣಕಾಲು ಖಾಲಿ ಉಂಟಾ ಶೋಭಕ್ಕ?"

ನಮ್ಮ ಕಟ್ಟಡದ ಹಿಂದೆ ಪಾರ್ಕಿಂಗಿನ ಜಾಗವಿತ್ತು. ಮಗ್ರಿಬಿನ ಬಾಂಗ್ ಆದ ಮೇಲೆ, ನಾನು ಆಫೀಸಿನಿಂದ ಬಂದು ಅಕ್ಕಿ ತೊಳೆದಿಟ್ಟು ಕೆಳಗೆ ಇಳಿದರೆ, ಅವಳು ಬರ್ಕಾದಿಂದಲೋ ಬೇರೆಲ್ಲಿಂದಲೋ ನೇರ ಅಲ್ಲಿಗೇ ಬಂದು ಸಮವಸ್ತ್ರದಲ್ಲೇ ಕಾಯುತ್ತಿದ್ದಳು. ಕಾವಲಿನ ಬಂಗಾಳಿ ಮುದುಕ ತನ್ನ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದುಕೊಂಡು, ಯಾರದ್ದಾದರೂ ಕಾರು ಬಂದರೆ "ಮೇಡಂ, ಗಾಡಿ!" ಎಂದು ಕೂಗುತ್ತಿದ್ದ.

ಜೋರು ಅವಳಿಗೆ ಕಲಿಯಬೇಕಾಗಿರಲಿಲ್ಲ. ಕಲಿಯಬೇಕಾದದ್ದು ನಿಧಾನ. ಇಷ್ಟು ವರ್ಷ ಅವಳು ಬಂದದ್ದು ಮನೆಗೆ ಬೆಂಕಿ ಬಿದ್ದ ಮೇಲೆಯೇ. ಪ್ರತಿ ಚೆಂಡಿನಲ್ಲೂ ಬೆಂಕಿ ಆರಿಸಬೇಕು, ಇಲ್ಲದಿದ್ದರೆ ಮುಗಿಯಿತು ಎಂಬ ಹಾಗೆ ಅವಳ ತೋಳು ಪಳಗಿತ್ತು. ಹಿಡಿಯುವ ನನ್ನ ಅಂಗೈಗೆ ಅದು ಗೊತ್ತಾಗುತ್ತಿತ್ತು.

"ಇದು ಏಳನೇ ಇನ್ನಿಂಗ್ಸಿನ ಚೆಂಡು ಮಾರಾಯ್ತಿ" ಎನ್ನುತ್ತಿದ್ದೆ. "ಮೊದಲನೆಯದ್ದು ಹಾಕು."

"ಹಾಕ್ತಾ ಉಂಟಲ್ಲ!"

"ಇಲ್ಲ. ನನ್ನ ಕೈ ಉರೀತಾ ಉಂಟು."

ಕಾಲೇಜಿನಲ್ಲಿ ಅವಳಿಗೆ ಒಂದು ನಿಧಾನದ ಚೆಂಡು ಬರುತ್ತಿತ್ತಂತೆ. ತೋಳು ಅದೇ ವೇಗದಲ್ಲಿ ತಿರುಗಬೇಕು, ಮುಖದಲ್ಲಿ ಅದೇ ಸಿಟ್ಟು ಇರಬೇಕು. ಚೆಂಡನ್ನು ಮಾತ್ರ ಬೆರಳ ತುದಿಯಲ್ಲಿ ಹಿಡಿಯದೆ ಅಂಗೈಯೊಳಗೆ ಒತ್ತಿ ಹಿಡಿಯಬೇಕು. ಆಗ ಅದು ಬ್ಯಾಟಿನವಳು ಎಣಿಸಿದ್ದಕ್ಕಿಂತ ತಡವಾಗಿ ಬರುತ್ತದೆ. ಮೊದಮೊದಲು ಅದು ನನ್ನ ತಲೆಯ ಮೇಲಿನಿಂದ ಹೋಗಿ ಯಾರದ್ದೋ ಕಾರಿನ ಟಯರಿಗೆ ಬಡಿಯಿತು. ಒಮ್ಮೆ ಅವಳೇ ಸಿಟ್ಟಾಗಿ ಕರೆಂಟಿನ ಪೆಟ್ಟಿಗೆಗೆ ಒರಗಿ ನಿಂತಳು. "ನಿಧಾನ ಎಸೆದ್ರೆ ನಂಗೇ ನಾಚಿಕೆ ಆಗ್ತದೆ ಶೋಭಕ್ಕ. ಮೋಸ ಮಾಡಿದ ಹಾಗೆ."

"ಇಡೀ ದಿನ ಅಡುಗೆ ಇರುವಾಗ ಬೆಳಿಗ್ಗೆಯೇ ಗ್ಯಾಸ್ ಫುಲ್ ಇಡ್ತೀಯಾ? ಅದು ಮೋಸವಾ?"

ಅವಳು ಪೆಟ್ಟಿಗೆ ಬಿಟ್ಟು ಈಚೆ ಬಂದಳು. ಮತ್ತೆ ಎಸೆದಳು. ಆ ಚೆಂಡು ನನ್ನ ಗ್ಲೌಸಿನಲ್ಲಿ ಬೆಕ್ಕಿನ ಮರಿಯ ಹಾಗೆ ಬಂದು ಕೂತಿತು.

ಮೊದಲ ಪಂದ್ಯ ಬರ್ಕಾದಲ್ಲಿ. ಅಕ್ಟೋಬರಿನ ಬಿಸಿಲು ಇನ್ನೂ ಇಳಿದಿರಲಿಲ್ಲ. ಕಲಿತದ್ದನ್ನೆಲ್ಲ ಮರೆತು ಅವಳು ಮೊದಲ ಚೆಂಡಿನಿಂದಲೇ ಪೂರ್ತಿ ಶಕ್ತಿ ಹಾಕಿದಳು. ಮೂರು ಇನ್ನಿಂಗ್ಸ್ ಯಾರೂ ಮುಟ್ಟಲಿಲ್ಲ, ಐದನೆಯದರಲ್ಲಿ ತೋಳು ಏಳಲಿಲ್ಲ. ಸೋತೆವು. ವಸಂತಣ್ಣ ಒಂದು ಬೆರಳು ಎತ್ತಿ ತೋರಿಸಿದರು. ಎರಡನೆಯದು ಟೀಚರುಗಳ ಜೊತೆ. ಅವತ್ತು ಗಾಳಿ ಎದ್ದು ಕಣ್ಣು ಬಾಯಿಗೆಲ್ಲ ಮರಳು. ಐರಿನ್ ತಾಳ್ಮೆಯಿಂದ ಏಳೂ ಇನ್ನಿಂಗ್ಸ್ ಎಸೆದಳು, ನಾವು ಗೆದ್ದೆವು. "ಗಾಳಿ ಇತ್ತು. ಅವರಿಗೆ ಚೆಂಡು ಕಾಣ್ಲಿಲ್ಲ" ಎಂದರು ವಸಂತಣ್ಣ. "ನಮ್ಮ ಬ್ಯಾಟಿನವರಿಗೆ ಗಾಳಿ ಇರ್ಲಿಲ್ವಾ?" ಎಂದು ನಾನು ಕೇಳಿದ್ದಕ್ಕೆ ಅವರು ಇನ್ನೊಂದು ಬನ್ಸು ಬಾಯಿಗೆ ತುಂಬಿಕೊಂಡರು. ಮಾರನೆಯ ದಿನ ಐರಿನ್‌ಗೆ ತಲೆ ಬಾಚಲು ತೋಳು ಎತ್ತಲಾಗಲಿಲ್ಲ. ಗಂಡ ಲಾರೆನ್ಸ್ ಬಾಚಿದರಂತೆ. "ಗುಬ್ಬಿ ಗೂಡು ಮಾಡಿಟ್ಟರು. ಹಾಗೇ ಡ್ಯೂಟಿಗೆ ಹೋದೆ" ಎಂದು ಫೋನಿನಲ್ಲಿ ನಕ್ಕಳು.

ಮೂರನೆಯದು ನಮ್ಮದೇ ಮೈದಾನದಲ್ಲಿ, ಫಿಲಿಪೀನ್ಸಿನ ನರ್ಸುಗಳ ಜೊತೆ. ಅವರಿಗೆ ಇದು ನಮಗೆ ಕಬಡ್ಡಿ ಇದ್ದ ಹಾಗೆ. ಹುಟ್ಟಿದ ಮೇಲೆ ಕಲಿತದ್ದಲ್ಲ. ಅವರ ನಾಯಕಿ ಮರಿಸೆಲ್ ನನ್ನ ಭುಜದಷ್ಟೇ ಎತ್ತರ, ಮಾತು ಜೇನಿನ ಹಾಗೆ, ಬ್ಯಾಟು ಹಿಡಿದರೆ ಮಾತ್ರ ಬೇರೆಯೇ ಹೆಂಗಸು. ಮೊದಲ ಇನ್ನಿಂಗ್ಸಿನಲ್ಲಿಯೇ ಐರಿನ್‌ಳ ಜೋರು ಚೆಂಡನ್ನು ಹೊಡೆದು ಬೇಲಿ ದಾಟಿಸಿದಳು. ಎರಡನೆಯದರಲ್ಲಿ ಮತ್ತೆ ಎರಡು ರನ್. ಮೂರನೆಯದರಲ್ಲಿ ಮರಿಸೆಲ್ ಪುನಃ ಬಂದು ಪುನಃ ಹೊಡೆದಾಗ ವಸಂತಣ್ಣ ಟೋಪಿ ತೆಗೆದು ಒಳಗೆ ನಡೆದು ಬಂದರು.

"ಸಾಕು ಬಾಯಿ."

"ಇನ್ನೊಂದು ಇನ್ನಿಂಗ್ಸ್."

"ಸಾಕು ಅಂತ ಹೇಳಿದ್ದು. ನಾನು ಮೊದಲೇ ಹೇಳಿದ್ದಲ್ವಾ?"

ಐರಿನ್ ಚೆಂಡನ್ನು ಅವರ ಕೈಗೆ ಕೊಡದೆ ನಿಶಾಳ ಕೈಗೆ ಕೊಟ್ಟಳು. "ಸಾರಿ ಆಂಟಿ" ಎಂದಳು ಹುಡುಗಿ. "ನಿಂದೆಂತ ಸಾರಿ? ಚಂದ ಮಾಡಿ ಹಾಕು" ಎಂದು ಅವಳ ಬೆನ್ನಿಗೆ ತಟ್ಟಿ ಬೆಂಚಿಗೆ ಹೋದಳು. ಶಾಲು ಹೊದೆಯಲಿಲ್ಲ. ಕೂರಲೂ ಇಲ್ಲ. ಬೇಲಿಯ ಹಿಂದೆ ನಿಂತು, ಅಲ್ಲೇ ಇದ್ದ ನೀರಿನ ಬಾಟಲಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಬಿಡುತ್ತಿದ್ದಳು.

ನಿಶಾ ಮೂರನೆಯದರಲ್ಲಿ ಉಳಿದದ್ದನ್ನೂ ನಾಲ್ಕು, ಐದನೇ ಇನ್ನಿಂಗ್ಸುಗಳನ್ನೂ ಹಲ್ಲು ಕಚ್ಚಿ ಕಳೆದಳು. ಅಷ್ಟರಲ್ಲಿ ನಮ್ಮವರು ಒಂದೊಂದೇ ರನ್ ಗಳಿಸಿ ವ್ಯತ್ಯಾಸವನ್ನು ಒಂದಕ್ಕೆ ಇಳಿಸಿದ್ದರು. ಆರನೆಯದರಲ್ಲಿ ಹುಡುಗಿಯ ತೋಳು ಸೋತಿತು. ಚೆಂಡು ಆಚೀಚೆ ಹೋಗತೊಡಗಿತು. ಹೊಡೆಯದೆಯೇ ಅವರಿಗೆ ಬೇಸು ಸಿಗುತ್ತಾ ಹೋಯಿತು. ಮೂರು ಬೇಸೂ ಭರ್ತಿ, ಔಟಾದದ್ದು ಒಬ್ಬಳು, ಬ್ಯಾಟು ತಿರುಗಿಸುತ್ತಾ ಬರುತ್ತಿರುವವಳು ಮರಿಸೆಲ್. ನಿಶಾಳ ಕಣ್ಣಲ್ಲಿ ನೀರು. ವಸಂತಣ್ಣ ಬೆಂಚಿನ ಉದ್ದಕ್ಕೂ ನೋಡಿದರು. ಎಸೆಯಲು ಬರುವವರು ಯಾರೂ ಉಳಿದಿರಲಿಲ್ಲ.

"ಇನ್ನು ಯಾರುಂಟು ಮಾರಾಯ್ರೆ?"

"ನಾನುಂಟಲ್ಲ" ಎಂದಳು ಐರಿನ್.

"ನಿಮ್ಮದು ಆಗಿ ಹೋಯ್ತಲ್ಲ ಬಾಯಿ! ಹೊರಗೆ ಬಂದವರು ಮತ್ತೆ ಹೋಗುದು ಹೇಗೆ?"

"ಇದು ಕ್ರಿಕೆಟ್ ಅಲ್ಲ ವಸಂತಣ್ಣ. ಶುರುವಿಗೆ ಇಳಿದವಳು ಹೊರಗೆ ಹೋದ್ರೆ ಒಮ್ಮೆ ವಾಪಸ್ ಬರ್ಬಹುದು. ನಡುವಲ್ಲಿ ಬಂದವರಿಗೆ ಅದು ಇಲ್ಲ. ನಿಶಾ ಈಗ ಹೋದ್ರೆ ಹೋದಳು. ನಾನು ಹೋದ್ರೂ ಬರ್ಬಹುದು."

"ಹಾಗೆಂತ ರೂಲು?"

"ಅಂಪೈರನ್ನು ಕೇಳಿ ಬನ್ನಿ. ಬೇಗ. ಯಲ್ಲಾ!"

ನಾವು ಯಾರೂ ಆ ನಿಯಮವನ್ನು ಒಮ್ಮೆಯೂ ಬಳಸಿದವರಲ್ಲ. ಕ್ರಿಕೆಟ್ ನೋಡಿ ಬೆಳೆದ ಜನ ನಾವು. ಹೋದವರು ಹೋದರು ಎನ್ನುವುದು ನಮಗೆ ಕೇಳಿ ತಿಳಿಯಬೇಕಾದ ಸಂಗತಿಯೇ ಅಲ್ಲ. ಅಶ್ವಿತಾ ಎಷ್ಟು ಸಲ ಸುಸ್ತಾಗಿ ಹೊರಗೆ ಬಂದಿದ್ದಳು, ಎಷ್ಟು ಸಲ ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡು ಕೂತು ಬಾಳೆಹಣ್ಣು ತಿಂದಿದ್ದಳು, ಅವಳನ್ನು ಪುನಃ ಕಳಿಸಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಐರಿನ್‌ಗೆ ಗೊತ್ತಿತ್ತು. ಆದರೆ ಯಾವಾಗಲೂ ನಡುವೆ ಬರುತ್ತಿದ್ದ ಅವಳಿಗೆ ಆ ಹಕ್ಕು ಒಂದು ದಿನವೂ ಇರಲಿಲ್ಲ.

ಅಂಪೈರ್ ವಸಂತಣ್ಣನ ಮಾತು ಕೇಳಿ, ಇಷ್ಟು ಸಣ್ಣ ವಿಷಯ ಇವರಿಗೆ ಗೊತ್ತಿಲ್ಲವೇ ಎಂಬಂತೆ ನೋಡಿ ತಲೆಯಾಡಿಸಿದ. ಐರಿನ್ ಒಳಗೆ ಬಂದಳು. ನಿಶಾ ಅವಳನ್ನು ತಬ್ಬಿಕೊಂಡು ಹೊರಗೆ ಓಡಿದಳು.

ಮೊದಲನೆಯದು ಜೋರು ಚೆಂಡು. ಮರಿಸೆಲ್ ಬೀಸಿದಳು, ತುದಿಗೆ ತಾಗಿ ಗೆರೆಯಾಚೆ ಹೋಯಿತು. ಎರಡನೆಯದೂ ಜೋರು, ಸ್ವಲ್ಪ ಹೊರಗೆ. ಅವಳು ಮುಟ್ಟಲಿಲ್ಲ, ನಕ್ಕಳು. ಮೂರನೆಯದಕ್ಕೆ ನಾನು ಕಾಲುಗಳ ನಡುವೆ ಮುಷ್ಟಿ ಕಟ್ಟಿ ತೋರಿಸಿದೆ. ನಿಧಾನದ್ದು ಎಂದು ಅರ್ಥ. ಐರಿನ್ ಹಲ್ಲು ಕಚ್ಚಿದಳು, ರಾಟೆಯಂತೆ ತೋಳು ತಿರುಗಿತು, ಬಾಯಿಂದ "ಹಾಂ" ಎಂಬ ಸದ್ದೂ ಬಂತು. ಚೆಂಡು ಮಾತ್ರ ನಡೆದುಕೊಂಡು ಬಂತು. ಮರಿಸೆಲ್ ಅದಕ್ಕಿಂತ ಮೊದಲೇ ಬೀಸಿಯಾಗಿತ್ತು. ಬ್ಯಾಟಿನ ಬುಡಕ್ಕೆ ತಾಗಿದ ಚೆಂಡು ಉರುಳಿಕೊಂಡು ಐರಿನ್‌ಳ ಕಾಲ ಬಳಿಗೇ ಹೋಯಿತು. ಅವಳು ಹೆಕ್ಕಿ ನನಗೆ ಎಸೆದಳು, ನಾನು ನನ್ನೆದುರಿನ ಬೇಸು ತುಳಿದು ನಿಂತು ಹಿಡಿದೆ: ಮೂರನೇ ಬೇಸಿನಿಂದ ಓಡಿ ಬರುತ್ತಿದ್ದವಳು ಔಟು. ತಿರುಗಿ ಮೊದಲ ಬೇಸಿಗೆ ಎಸೆದೆ: ಮರಿಸೆಲ್ ಔಟು. ಇನ್ನಿಂಗ್ಸೇ ಮುಗಿಯಿತು. ನನ್ನ ಮೊಣಕಾಲು ಆ ದಿನ ಏನೂ ಹೇಳಲಿಲ್ಲ.

ಏಳನೆಯದನ್ನೂ ಐರಿನ್ ಮುಗಿಸಿಕೊಟ್ಟಳು. ನಮಗೆ ಮಾತ್ರ ಆ ಒಂದು ರನ್ ಸಿಗಲಿಲ್ಲ. ಸೋತೆವು.

ಆದರೂ ವಸಂತಣ್ಣ ಚಾ ಕುಡಿಯುವಾಗ ಗೆದ್ದವರ ಹಾಗಿದ್ದರು. "ನೋಡಿದ್ರಾ ಬಾಯಿ! ನಾನು ಇಷ್ಟು ದಿನ ಹೇಳಿದ್ದು ಇದೇ. ಕೊನೆಗೆ ನೀವು ಬಂದ್ರೆ ದೇವರು ಬಂದ ಹಾಗೆ. ಮೂರು ಪಂದ್ಯವೂ ಆಯ್ತು. ಬರುವ ವಾರದಿಂದ ನಿಶಾ ಶುರು, ನೀವು ಕೊನೆ. ತೀರ್ಮಾನ ಆದ ಹಾಗೆ."

ಐರಿನ್ ಬನ್ಸು ಮುರಿಯುತ್ತಿದ್ದವಳು ನಿಲ್ಲಿಸಿದಳು.

"ನಾನು ಕೊನೆಗೆ ಬಂದದ್ದಲ್ಲ ವಸಂತಣ್ಣ. ವಾಪಸ್ ಬಂದದ್ದು. ನೀವು ಹೇಳಿದ ಹಾಗೆ ನಡುವಲ್ಲಿ ಇಳಿದು, ನೀವೇ ಹೊರಗೆ ಕಳಿಸಿದ್ದಿದ್ರೆ, ನಂಗೆ ಬರ್ಲಿಕ್ಕೇ ಇರ್ಲಿಲ್ಲ."

"ಅದು ಬೇರೆ ವಿಷಯ..."

"ಅದೇ ವಿಷಯ. ನಂಗೆ ಹೊಡೆತ ಬೀಳ್ತದೆ. ಬೀಳ್ಲಿ. ಬಿದ್ದ ಮೇಲೆ ಎದ್ದು ಬರ್ಲಿಕ್ಕೆ ಒಂದು ಜಾಗ ಇರ್ಬೇಕು. ಆ ಜಾಗ ಶುರುವಿಂದ ನಿಂತವರಿಗೆ ಮಾತ್ರ ಇರುದು."

ವಸಂತಣ್ಣ ಖಾಲಿ ಕಪ್ಪನ್ನು ಮತ್ತೊಮ್ಮೆ ಕುಡಿದರು.

ಮುಂದಿನ ಶುಕ್ರವಾರ ಶ್ರೀಲಂಕಾದವರ ಜೊತೆ ಆಟ. ಚಳಿ ಹಿಡಿದಿತ್ತು, ಅಂದರೆ ಮಸ್ಕತ್ತಿನ ಚಳಿ, ಸ್ವೆಟರು ಹಾಕಲೂ ಆಗದ ಬಿಡಲೂ ಆಗದ ಚಳಿ. ವಸಂತಣ್ಣ ಹೆಸರು ಓದಿದರು. ಪಿಚರ್, ನಿಶಾ. ಉಳಿದ ಹೆಸರು ಓದುವಷ್ಟರಲ್ಲಿ ಐರಿನ್ ಗ್ಲೌಸು ಹಾಕಿಕೊಂಡು ಮೈದಾನದ ನಡುವಿನ ವೃತ್ತಕ್ಕೆ ಹೋಗಿ ನಿಂತಾಗಿತ್ತು.

"ಬಾಯಿ, ಎಂತ ಇದು? ಈ ಕಡೆ ಬನ್ನಿ!"

ಅವಳು ಬೂಟಿನ ತುದಿಯಿಂದ ಮಣ್ಣು ಸರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಶಾ, ನೀನು ಹೋಗು."

"ನೋ ಅಪ್ಪಾ" ಎಂದಳು ಮಗಳು. ಬೆಂಚಿನಲ್ಲಿ ಕೂತು ಜಾಕೆಟಿನ ಜಿಪ್ಪನ್ನು ಗಲ್ಲದವರೆಗೆ ಎಳೆದುಕೊಂಡಳು. "ಆಂಟಿ ಟೈರ್ಡ್ ಆದ್ರೆ ಐ ವಿಲ್ ಗೋ. ನಾಟ್ ಬಿಫೋರ್."

ವಸಂತಣ್ಣ ನನ್ನ ಕಡೆ ತಿರುಗಿದರು. ಪಾಪ, ಅವರ ಮುಖ ನೋಡಿದರೆ ಕನಿಕರವಾಗುತ್ತಿತ್ತು. "ಶೋಭಕ್ಕ, ನೀವಾದ್ರೂ ಒಂದು ಮಾತು ಹೇಳಿ. ಕ್ಯಾಚರ್ ಇಲ್ಲದೆ ಅವರು ಯಾರಿಗೆ ಎಸೀತಾರೆ?"

ನಾನು ಮುಖದ ಜಾಲರಿ ಕೆಳಗೆ ಎಳೆದುಕೊಂಡು ಬೇಸಿನ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತೆ.

"ನಂಗೆ ಒಮ್ಮೆ ಕೂತ್ರೆ ಏಳುದು ಕಷ್ಟ ಅಂತ ನಿಮ್ಗೆ ಗೊತ್ತುಂಟಲ್ಲ ವಸಂತಣ್ಣ" ಎಂದೆ. "ಕೂತಾಯ್ತು."

ಅಂಪೈರ್ ಗಡಿಯಾರ ನೋಡಿ ಕೈ ತೋರಿಸಿದ. ಬ್ಯಾಟಿನವಳು ಬಂದು ನಿಂತಳು. ಐರಿನ್ ಚೆಂಡನ್ನು ಪ್ಯಾಂಟಿಗೆ ಉಜ್ಜಿದಳು, ನಿಧಾನಕ್ಕೆ ಒಂದು ಸಲ ಸುತ್ತ ನೋಡಿದಳು. ಮೊದಲ ಬೇಸು, ಎರಡನೆಯದು, ಮೂರನೆಯದು, ಮೂರೂ ಖಾಲಿ. ತೊಳೆಯಬೇಕಾದ ಇನ್ನೊಬ್ಬರ ಎಂಜಲು ಎಲ್ಲಿಯೂ ಇರಲಿಲ್ಲ. ಅವಳಿಗೆ ಅವಸರವೂ ಇರಲಿಲ್ಲ. ನಾನು ಗ್ಲೌಸು ಬಿಚ್ಚಿ ಹಿಡಿದೆ, ಅವಳು ತೋಳು ತಿರುಗಿಸಿದಳು.